ನಡುಗುವ ಕೈಗೆ ಬಿದ್ದ ಮೀನು

ಗಡಿಯಾರ ರಿಪೇರಿ ಮಾಡುತ್ತಿದ್ದ ನನ್ನ ಭಾವ ಬರಿಗೈಯಲ್ಲಿದ್ದಾಗಲೂ ತುಂಬಿದ ಲೋಟ ಹಿಡಿದವರಂತೆ ನಡೆಯುತ್ತಿದ್ದರು. ಬಾಗಿಲನ್ನು ಭುಜದಿಂದ ತಳ್ಳುವುದು, ಯಾರ ಕೈಯನ್ನೂ ಕುಲುಕದಿರುವುದು, ಇವೆಲ್ಲ ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಬೆರಳುಗಳನ್ನು ಅವರು ಕಾಪಾಡಿಕೊಂಡ ಬಗೆ. ಭಾನುವಾರ ಅದೇ ಬೆರಳುಗಳು ತಾವೇ ಕೆತ್ತಿ, ಬಣ್ಣ ಬಳಿದು, ಗಾಳ ಸಿಕ್ಕಿಸಿದ ಮರದ ಹುಸಿಮೀನುಗಳೊಂದಿಗೆ, ಬ್ಯಾಸ್ ಎಂಬ ಅಗಲಬಾಯಿಯ ಮೀನನ್ನು ವಂಚಿಸಲು ಸರೋವರಕ್ಕೆ ಹೊರಡುತ್ತಿದ್ದವು.

ಹುಸಿಮೀನುಗಳೆಲ್ಲ ಅವರ ಕಂದು ಕೋಟಿನ ಒಳ ಅಸ್ತರಿನಲ್ಲಿ ಸಿಕ್ಕಿಕೊಂಡಿರುತ್ತಿದ್ದವು. “ಈ ಕೋಟು ಒಗೆಯೋಕೆ ಹೋದ್ರೆ ಗಾಳಕ್ಕೆ ನಾನೇ ಬೀಳ್ತೀನಿ,” ಎಂದು ಅಕ್ಕ ಗೊಣಗುವಳು.

“ನೀನು ಬಿದ್ದು ಬಹಳ ಕಾಲ ಆಯ್ತಲ್ಲೇ,” ಎನ್ನುವರು ಭಾವ.

ಅವರ ಜೀವಮಾನದ ಅತಿದೊಡ್ಡ ಮೀನು ಎರಡು ಕಿಲೋ ಒಂಬೈನೂರು ಗ್ರಾಂ ತೂಗಿತ್ತು. ಮೂರು ಕಿಲೋ ಎಂದು ಕೆಲವರು ಹೇಳುವುದು ಸುಳ್ಳು. ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ನಿವೃತ್ತನಾದ ನಾನೇ ಅದನ್ನು ತೂಗಿದವನು. ರಬ್ಬರ್ ಹುಳುವನ್ನು ನೀರಿನ ತಳದಲ್ಲಿ ಅಲುಗಿಸುತ್ತ ಕೂರುವವರನ್ನು ಕಂಡರೆ ಭಾವನಿಗೆ ಆಗುತ್ತಿರಲಿಲ್ಲ. “ಅದು ಮೀನು ಹಿಡಿಯೋದಲ್ಲ, ತುರಿಸಿಕೊಳ್ಳೋದು.” ನೂಲು ಸಮವಾಗಿ ಸರಿಯಬೇಕು, ಹುಸಿಮೀನು ಜೀವವಿದ್ದಂತೆ ತೇಲಿಬರಬೇಕು, ಅದು ಅವರ ಹಟ.

ಆ ಕೈಗಳಿಗೇ ನಡುಕ ಬಂತು. ಅಂಗಡಿ ಮುಚ್ಚಿತು. ಗಾಳಗಾರರ ಕ್ಲಬ್ಬಿನ ರಸಿಕರು ಅವರಿಗೆ ‘ಅಲಾರಂ’ ಎಂದು ಹೆಸರಿಟ್ಟರು. ಹಳೆಯ ತೂಕವನ್ನು ಮೀರುವ ಒಂದೇ ಒಂದು ಮೀನು, ಅದೂ ನೆಟ್ಟಗೆ ಎಳೆದ ನೂಲಿಗೆ, ಬಿದ್ದರೆ ಕೈ ಇನ್ನೂ ತಮ್ಮದೇ ಎಂದು ನಂಬಬಹುದೆಂಬ ಆಸೆಯೊಂದೇ ಅವರನ್ನು ವಾರವಾರವೂ ದೋಣಿಗೆ ಹತ್ತಿಸುತ್ತಿತ್ತು.

ಬಿತ್ತು. ಮೂರು ಕಿಲೋ ನಾನೂರು ಗ್ರಾಂ. ನಾನೇ ಹುಟ್ಟು ಹಾಕುತ್ತಿದ್ದೆ. ಹುಸಿಮೀನು ತೇಲಿಬರದೆ ರೋಗಿಯಂತೆ ಅದುರುತ್ತ ಬರುವುದನ್ನೂ, ನೀರು ಸೀಳಿ ಬಂದ ಬಾಯಿ ಅದನ್ನು ನುಂಗುವುದನ್ನೂ ಕಂಡೆ. ನಾನು ಸಂಭ್ರಮಿಸುತ್ತಿದ್ದರೆ ಅವರು ತಮ್ಮ ಕೈಗಳನ್ನೇ ನೋಡುತ್ತಿದ್ದರು.

“ಇದನ್ನ ನಾನು ಹಿಡೀಲಿಲ್ಲ ಕಣಯ್ಯ, ಕಾಯಿಲೆ ಹಿಡೀತು. ನೆಟ್ಟಗೆ ಎಳೆದಿದ್ರೆ ಅದು ತಿರುಗಿಯೂ ನೋಡ್ತಿರಲಿಲ್ಲ. ನನ್ನದು ಆ ಹಳೇ ಮೀನೇ.”

ಮೀನನ್ನು ನೀರಿಗೆ ಬಿಟ್ಟರು. ಅಷ್ಟರಲ್ಲಿ ಪಕ್ಕದ ದೋಣಿಯಲ್ಲಿದ್ದ ಕ್ಲಬ್ಬಿನ ಕಾರ್ಯದರ್ಶಿ ಫೋಟೋ ತೆಗೆದಾಗಿತ್ತು. ಅದು ಕ್ಲಬ್ಬಿನ ಗೋಡೆಗೇರಿತು. ತೆಗೆದುಹಾಕಿರೆಂದು ಕೇಳಲು ಭಾವ ಹೋದರು, ನಾನೂ ಜೊತೆಗಿದ್ದೆ.

“ಗೆದ್ದೋರು ಹೀಗೆ ಅಳ್ತಾರಾ, ಯಜಮಾನ್ರೇ?” ಎಂದ ಕಾರ್ಯದರ್ಶಿ, ನಾವು ಮೆಟ್ಟಿಲಿಳಿಯುವ ಮೊದಲೇ ಹೊಸ ಸದಸ್ಯರತ್ತ ತಿರುಗಿ ಮಣಿಕಟ್ಟು ಅಲುಗಿಸಿ ತೋರಿಸಿದ: “ದೊಡ್ಡ ಮೀನು ಬೇಕಾದ್ರೆ ಅಲಾರಂ ಹೊಡೀಬೇಕು, ನೋಡಿ, ಹೀಗೆ.” ನಗು ಕೇಳಿಸಿತು. ಭಾವ ಎರಡೂ ಕೈಗಳನ್ನು ಕೋಟಿನೊಳಗೆ ಸೇರಿಸಿಕೊಂಡರು. ಅಲ್ಲಿ ಗಾಳಗಳಿರುವುದನ್ನು ಮರೆತಿದ್ದರು. ಮತ್ತೆ ಸರೋವರದತ್ತ ಹೋಗಲಿಲ್ಲ.

ಅವರು ತೀರಿಕೊಂಡ ಮೇಲೂ ಆ ಫೋಟೋ ಅಲ್ಲಿಯೇ ಇದೆ: ಮೀನಿನ ಒಂದೊಂದು ಹುರುಪೆಯೂ ಸ್ಪಷ್ಟ, ಹಿಡಿದ ಕೈಗಳು ಮಾತ್ರ ಮಸುಕು. ಪರರ ಸೊತ್ತನ್ನು ಮುಟ್ಟದ ಪ್ರಾಮಾಣಿಕರು ಲೋಕದಲ್ಲಿ ಸಾಕಷ್ಟಿದ್ದಾರೆ. ತಮ್ಮದೇ ದುರ್ದೈವ ತಂದುಕೊಟ್ಟ ಗೆಲುವನ್ನೂ ತಮ್ಮದಲ್ಲವೆನ್ನುವವರು ವಿರಳ. ಅಂಥವರನ್ನು ಲೋಕ ಕ್ಷಮಿಸುವುದಿಲ್ಲ. ಅವರು ಒಲ್ಲೆನೆಂದದ್ದನ್ನೇ ಆರಿಸಿ, ಚೌಕಟ್ಟು ಹಾಕಿಸಿ, ಕೆಳಗೆ ಅವರ ಹೆಸರನ್ನು ದಪ್ಪಕ್ಷರಗಳಲ್ಲಿ ಬರೆಸುತ್ತದೆ.