ಕೆಂಪು ದೀಪದ ಕೀಬೋರ್ಡು

ಅಕ್ಕನ ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಮರಗಟ್ಟಿದ್ದವು. ವರ್ಷಗಟ್ಟಲೆ ಕಂಡವರ ಆಸ್ಪತ್ರೆ ಬಿಲ್ಲುಗಳನ್ನು ವಿಮಾ ಕಂಪನಿಗಾಗಿ ಟೈಪು ಮಾಡಿ ಮಾಡಿ ಕೊನೆಗೆ ತನ್ನ ಕೈಯನ್ನೇ ಆಸ್ಪತ್ರೆಗೆ ಒಯ್ಯುವ ಹಾಗಾಗಿತ್ತು. ನರ ಒತ್ತಿಕೊಂಡಿದೆ, ಕೈಗೆ ಬಿಡುವು ಕೊಡಿ ಅಂದರು ಡಾಕ್ಟರು. ಬಿಡುವು ಯಾವ ಔಷಧಿ ಅಂಗಡಿಯಲ್ಲಿ ಸಿಗುತ್ತದೆ? ಗಂಟೆಗೆ ಇಷ್ಟು ಬಿಲ್ಲು ಎಂದು ಕಂಪನಿ ಗೆರೆ ಎಳೆದಿತ್ತು. ಗೆರೆಯ ಕೆಳಗೆ ಬಿದ್ದವರ ಕುರ್ಚಿಯಲ್ಲಿ ಬೇಗನೆ ಬೇರೆ ಯಾರೋ ಕೂತಿರುತ್ತಿದ್ದರು. ಅಕ್ಕ ಆಗಲೇ ಗೆರೆ ಮುಟ್ಟಲಾರದೆ ಒದ್ದಾಡುತ್ತಿದ್ದಳು.

ತಂಗಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವವಳು. ಒಂದು ಭಾನುವಾರ ಅಕ್ಕನ ಎರಡೂ ಅಂಗೈಗಳನ್ನು ರಟ್ಟಿನ ಮೇಲೆ ಇಡಿಸಿ ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದಳು.

"ಬೆರಳು ಚಾಚಬೇಡ. ಸುಮ್ನೆ ಬಿಡು. ಅದು ಎಲ್ಲಿ ಬೀಳುತ್ತೋ ಕೀ ಅಲ್ಲಿರುತ್ತೆ."

"ಚಪ್ಪಲಿಗೆ ಅಳತೆ ತಗೊಂಡ ಹಾಗಿದೆ ಕಣೆ."

"ಕಾಲಿಗೆ ಸಿಗೋ ಮರ್ಯಾದೆ ಕೈಗೂ ಸಿಗಲಿ ಬಿಡು."

ಮಾಮೂಲಿ ಕೀಬೋರ್ಡಿನ ಅರ್ಧಕ್ಕರ್ಧ ಕೀಗಳನ್ನು ಅವಳು ಕೈಬಿಟ್ಟಳು. ಅಂಕಿಗಳಿಗೆಂದು ಬೇರೆ ಸಾಲೇ ಇಲ್ಲ. ಹೆಬ್ಬೆರಳಿನ ಕೀ ಒತ್ತಿ ಹಿಡಿದರೆ ಅಕ್ಷರದ ಕೀಗಳೇ ಅಂಕಿಗಳಾಗುತ್ತಿದ್ದವು. ಮರಗಟ್ಟಿದ ಬೆರಳುಗಳ ಪಾಲಿನ ಕೆಲಸವೂ ಹೆಬ್ಬೆರಳಿಗೇ ಬಂತು. ಒಂದೊಂದೇ ಸ್ವಿಚ್ಚು ಬಿಚ್ಚಿ, ಒಳಗಿನ ಸ್ಪ್ರಿಂಗು ತೆಗೆದು, ಉಸಿರು ತಾಗಿದರೂ ಬಗ್ಗುವಂಥದ್ದನ್ನು ಕೂರಿಸಿದಳು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳನ್ನು ಒಂದು ಸಾಲಿನಲ್ಲಿ ತಿರುಗಾಮುರುಗಾ ಬೆಸೆದಿದ್ದರಿಂದ ಇಡೀ ಸಾಲು ಮೂಕವಾಯಿತು. ತನ್ನನ್ನೇ ಬೈದುಕೊಳ್ಳುತ್ತ ಎಲ್ಲ ಕಿತ್ತು ಮತ್ತೆ ಬೆಸೆದಳು. ಕೊನೆಗೆ ಕೀಗಳ ಅಡಿಗೆ ಬಣ್ಣದ ದೀಪ.

"ಇದೇನೇ, ಸರ್ಕಸ್ ಡೇರೆ?"

"ಷೋಕಿಗಲ್ಲ ಅಕ್ಕ. ನೀನೆಷ್ಟು ಹೊತ್ತು ಬಿಡದೆ ಹೊಡೀತೀಯ ಅಂತ ಒಳಗಿನ ಚಿಪ್ ನೋಡ್ತಿರುತ್ತೆ. ಹಸಿರು ಅಂದ್ರೆ ಹೊಡಿ. ಹಳದಿ ಅಂದ್ರೆ ಹುಷಾರು. ಕೆಂಪಾದ್ರೆ ಕೈ ಎತ್ತಲೇಬೇಕು. ನಿನಗಂತೂ ನೋವೇ ತಿಳಿಯಲ್ಲ. ನಿನ್ನ ಬದಲು ಅದು ಅಳುತ್ತೆ."

ಅಕ್ಕ ಅದನ್ನು ಆಫೀಸಿಗೆ ಒಯ್ದು ತನ್ನ ಮೇಜಿನ ಮೇಲಿಟ್ಟಳು. ಅದು ಕೆಲಸಕ್ಕೆ ಬಂತು. ಕೆಂಪಾದಾಗಲೆಲ್ಲ ಕೈ ಮಡಿಲಲ್ಲಿಟ್ಟುಕೊಂಡು ಕೂತರೂ ಅಕ್ಕ ಗೆರೆ ದಾಟಿದಳು. ಗಾಜಿನ ಕೋಣೆಯ ಸೂಪರ್‌ವೈಸರ್ ಎದ್ದು ಬಂದ. ಅವನಿಗೆ ಟೈಪಿಂಗ್ ಹಾಲ್‌ನ ಹೆಂಗಸರು ಇಟ್ಟ ಹೆಸರು ಗಡಿಯಾರ. "ಏನಮ್ಮಾ ಇದು, ಅಲ್ಲಿಂದಲೂ ಕೆಂಪಗೆ ಕಾಣ್ತಿದೆ?" ತಂಗಿ ಮಾಡಿದ್ದು ಅನ್ನುವ ಹೆಮ್ಮೆ ಅಕ್ಕನ ಬಾಯಿ ಬಿಡಿಸಿತು. ಹಸಿರು, ಹಳದಿ, ಕೆಂಪು ಎಲ್ಲವನ್ನೂ ಒಪ್ಪಿಸಿಬಿಟ್ಟಳು.

ಮಾರನೇ ವಾರ ಕಂಪನಿಗೆ ಬಂದು ಹೋಗು ಎಂದು ತಂಗಿಗೆ ಕರೆ ಬಂತು.

"ಎಲ್ಲಾ ಮೇಜಿಗೂ ಇಂಥ ದೀಪ ಬೇಕಮ್ಮಾ," ಅಂದ ಗಡಿಯಾರ. "ಒಂದೇ ಸಣ್ಣ ಬದಲಾವಣೆ. ಕೈ ಆಡ್ತಿದ್ರೆ ಹಸಿರು, ನಿಂತ್ರೆ ಕೆಂಪು. ನಾನು ಕೂತಲ್ಲಿಂದಲೇ ನೋಡ್ಕೋತೀನಿ."

"ಅದು ಕೈಗೆ ಬಿಡುವು ಕೊಡೋಕೆ ಮಾಡಿದ್ದು ಸಾರ್."

"ಹೊರಗಿನ ವಸ್ತು ಒಳಗೆ ತಂದಿದ್ದಕ್ಕೆ ನಿಮ್ಮಕ್ಕನ್ನ ಕೆಲಸದಿಂದ ಕಳಿಸಬಹುದಿತ್ತು. ಕಳಿಸಿದ್ವಾ?"

ಮನೆಗೆ ಬಂದು ತಂಗಿ ಆ ಮಾತನ್ನು ಹೇಳಿ ಚೀಲ ಬಿಸಾಡಿದಳು. ಅಕ್ಕ ಪಾತ್ರೆ ತೊಳೆಯುತ್ತಲೇ ಅಂದಳು,

"ಮಾಡಿಕೊಡೆ."

"ನಿನ್ನ ಕೈಗೆ ಅಂತ ಮಾಡಿದ್ದನ್ನ ಅಷ್ಟು ಜನರ ಕತ್ತಿಗೆ ಕಟ್ಟಲಾ?"

"ಕೈ ಹೋದ್ರೆ ಹೋಗ್ಲಿ, ಕುರ್ಚಿ ಉಳೀಲಿ. ಊಟ ಕೊಡ್ತಿರೋದು ಕೈ ಅಲ್ಲ ಕಣೆ, ಕುರ್ಚಿ."

ತಂಗಿ ಬಿಸಾಡಿದ ಚೀಲವನ್ನು ಎತ್ತಿಕೊಂಡಳು. ಮಾಡಿಕೊಟ್ಟಳು.

ಆಳಿಸಿಕೊಳ್ಳುವವರು ತಮ್ಮ ನೋವಿಗೆ ಅರೆದುಕೊಂಡ ಮದ್ದನ್ನು ಮಗುಚಿ ಹಾಕಿದರೆ ಸಾಕು, ಆಳುವವರಿಗೆ ಚಾಟಿ ಸಿದ್ಧ. ಪ್ರತಿ ಮೇಜಿನ ತುದಿಗೂ ದೀಪದ ಪಟ್ಟಿ ಬಂತು. ಅಕ್ಕನ ಕೀಬೋರ್ಡಿನ ದೀಪವನ್ನೂ ಹಾಗೇ ಬದಲಿಸಿದರು, ಕೈ ನಿಂತರೆ ಕೆಂಪು. ಪಕ್ಕದ ಮೇಜಿನ ಹಿರಿಯ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಅವಳು ಪಟ್ಟಿಯನ್ನು ಮುಟ್ಟಿ ನೋಡಿ ನಕ್ಕಳು. "ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಕೇಳ್ತಿದ್ವಿ. ಇಲಿಗಳಿಗೇ ಕಟ್ಟಿದ್ರು ನೋಡು!" ಅಕ್ಕನಿಗೆ ನಗು ಬರಲಿಲ್ಲ. ದೀಪ ಯಾರ ಮನೆಯಿಂದ ಬಂತು ಎಂದು ದೊಡ್ಡಮ್ಮನಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ದೊಡ್ಡಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಪಟ್ಟಿ ಕೆಂಪಾಯಿತು. ಆ ದಿನ ಅದು ಮೊದಲ ಸಲವಲ್ಲ. ಗಡಿಯಾರ ಬಂದು ಮೇಜಿನ ಪಕ್ಕ ನಿಂತ.

"ಸಾಕು ದೊಡ್ಡಮ್ಮ. ಬ್ಯಾಗ್ ತಗೊಳ್ಳಿ."

"ಕಣ್ಣು ಒರೆಸ್ಕೊಂಡೆ ಕಣಪ್ಪಾ, ನಿದ್ದೆ ಮಾಡ್ಲಿಲ್ಲ."

"ದೀಪ ಸುಳ್ಳು ಹೇಳುತ್ತಾ?"

ದೊಡ್ಡಮ್ಮ ಬ್ಯಾಗಿಗಾಗಿ ಬಗ್ಗಿದಳು. ಕನ್ನಡಕವಿಲ್ಲದೆ ಬ್ಯಾಗಿನ ಜಿಪ್ಪು ಸಿಗದೆ ತಡಕಾಡಿದಳು. ಅಕ್ಕ ಅದನ್ನು ನೋಡಿದಳು. ಕೀಗಳ ಮೇಲಿಂದ ಎರಡೂ ಕೈ ಎತ್ತಿದಳು.

ಅವಳ ಕೀಬೋರ್ಡು ಕೆಂಪಾಯಿತು.

"ನಿಮಗೇನಾಯ್ತು?"

"ಕೈ ದಣಿದಿದೆ."

"ಕೆಳಗಿಡಿ ಕೈ."

"ಅವರನ್ನ ಕೂರಿಸಿ. ಇಡ್ತೀನಿ."

ಗಡಿಯಾರ ಕೈಕಟ್ಟಿ ನಿಂತ. ಅಕ್ಕ ಸುತ್ತ ನೋಡಿದಳು, ಒಬ್ಬರಾದರೂ ಕೈ ಎತ್ತಿಯಾರು ಎಂದು. ಮುಂದಿನ ಸಾಲಿನವಳು ತಿರುಗಿ ನೋಡಿದಳು, ಅವಳ ಕಣ್ಣು ತುಂಬಿತ್ತು. ಆದರೆ ಬೆರಳು ನಿಲ್ಲಲಿಲ್ಲ. ಯಾರ ಬೆರಳೂ ನಿಲ್ಲಲಿಲ್ಲ. ಹೆದರಿಕೆಗೆ ಟೈಪಿನ ಸದ್ದು ಇನ್ನಷ್ಟು ಜೋರಾಯಿತು, ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಹಾಲ್‌ನ ಉದ್ದಕ್ಕೂ ಹಸಿರೇ ಹಸಿರು.

ಅಕ್ಕ ಕೈ ಇಳಿಸಲಿಲ್ಲ.