ಮಂದೆಯ ನಡುವೆ ನಡೆದವನು

ಮನಿಲಾದ ಒಂದು ಕ್ಲಬ್ಬಿಗೆ ಐದು ವರ್ಷದಿಂದ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಜುಂಜಣ್ಣ, ೧೯೭೮ರ ಬೇಸಿಗೆಯಲ್ಲಿ ತನ್ನೂರು ಜವನಗೊಂಡನಹಳ್ಳಿಗೆ ಬಂದವನೇ ಕುರಿರೊಪ್ಪದ ಪಕ್ಕ ಕೂತು ನೋಯುವ ಕಾಲು ಚಾಚಿದ. ಕ್ಲಬ್ಬಿನ ಪತ್ರ ಜೇಬಿನಲ್ಲಿತ್ತು. ಸಹಿ ಹಾಕಿದರೆ ಇನ್ನೊಂದು ವರ್ಷದ ಆಟ. ಆದರೆ ಆಟಕ್ಕೆ ಮೊದಲು ಅಲ್ಲಿನ ಡಾಕ್ಟರು ಎಲ್ಲರನ್ನೂ ಒಟ್ಟಿಗೆ ಮೈದಾನದಲ್ಲಿ ನಡೆಸಿ ನೋಡುತ್ತಾರೆ.

ತಮ್ಮ ನಡೆದು ಬರುವಾಗಲೇ ಅಣ್ಣ ಉಗ್ರಪ್ಪ ಅವನ ಮುಖ ನೋಡಿರಲಿಲ್ಲ, ಕಾಲು ನೋಡಿದ್ದ. ಕುರಿಯವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

“ಎಡಗಾಲು ಎಳೀತೀಯಲ್ಲೋ. ಹಿರಿಯೂರು ಸಂತೇಲಿ ನಿನ್ನ ಯಾವನೂ ಕೊಳ್ಳಲ್ಲ ಬಿಡು.”

“ಡಾಕ್ಟರಿಗೆ ಕಾಣಬಾರದಣ್ಣ.”

“ಅಷ್ಟೇನಾ? ವ್ಯಾಪಾರದೋರು ಬಂದಾಗ ನಾವು ಕುಂಟು ಕುರೀನ ಮಂದೆ ನಡುವೆ ಬಿಡಲ್ವೇನಲೇ? ಹಂಗೇ ನಡುವೆ ನಡಿ.”

“ಎರಡು ವರ್ಷದಿಂದ ಹಂಗೇ ನಡೀತಿದೀನಿ. ಈಗ ಅಲ್ಲೂ ಜಾಗ ಇಲ್ಲ. ನನ್ನ ಓರಗೆಯ ಕುಂಟರೆಲ್ಲ ನಡುವೇ ನುಗ್ಗತಾರೆ.”

ಉಗ್ರಪ್ಪ ಕೆಮ್ಮು ಬರುವ ತನಕ ನಕ್ಕ. ಆಮೇಲೆ ತನ್ನ ಕೋಲು ಚಾಚಿದ. “ತಗ. ಕುರಿ ಹಿಂದೆ ನಡಿ. ಹಿಂದೆ ಬರೋನ ಕಾಲು ಯಾರೂ ನೋಡಲ್ಲ.”

ಜುಂಜಣ್ಣ ಪತ್ರವನ್ನು ಸಹಿ ಹಾಕದೆ ಜೇಬಿನಲ್ಲೇ ಬಿಟ್ಟು, ಕೋಲೂರಿ ಎದ್ದ. ಎರಡು ವರ್ಷದಲ್ಲಿ ಮೊದಲ ಸಲ, ಯಾರಿಗೂ ಅಂಜದೆ, ಮನಸಾರೆ ಕುಂಟಿದ.