ನಡುಮನೆಗೂ ಅಡುಗೆಮನೆಗೂ ಒಂದೇ ನ್ಯೂಟ್ರಲ್

ಫ್ರಿಜ್ಜು ಯಾಕೆ ನಿಂತುಹೋಯಿತು, ಅಡುಗೆಮನೆ ಲೈನನ್ನು ತಾನು ಮುಟ್ಟಿಯೇ ಇಲ್ಲವಲ್ಲ, ದೋಸೆ ಹಿಟ್ಟು ಹುಳಿ ಬರುತ್ತೆ ಕಣ್ರೀ, ಫ್ರಿಜ್ಜೊಂದು ಆಫ್ ಮಾಡ್ಬೇಡಿ ಎಂದು ಮನೆಯೊಡತಿ ಪದ್ಮಾವತಿ ಹೇಳಿದ್ದಕ್ಕೆ ತಾನೇ ಮೇನ್ ಸ್ವಿಚ್ಚು ಬಿಟ್ಟು ನಡುಮನೆಯದೊಂದನ್ನೇ ಇಳಿಸಿದ್ದು — ಜವರಪ್ಪನ ತಲೆಯಲ್ಲಿ ಮೊದಲು ಹಾದದ್ದು ಇದು, ನಡುಮನೆ ಫ್ಯಾನು ಬದಲಿಸಲು ಏಣಿ ಹತ್ತಿದ್ದ ಮಗಳು ಬಿದ್ದ ಸದ್ದು ಆಮೇಲೆ, ಅಥವಾ ಸದ್ದೇ ಮೊದಲೋ, ಓಡಿ ಮೇನ್ ಇಳಿಸಿದ್ದು ಯಾವಾಗ, ಒಂದೂ ನೆನಪಿಲ್ಲ, ಈಗ ಸಂಘಮಿತ್ರ ಗೋಡೆಗೊರಗಿ ಕೂತಿದ್ದಾಳೆ, ಉಸಿರಾಡುತ್ತಿದ್ದಾಳೆ, ಅಷ್ಟು ಸಾಕು, ಸಾಲದು, ತುಟಿ ಯಾಕೆ ಹಾಗೆ ಬಿಳಿಚಿಕೊಂಡಿದೆ, ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿದೆ, ಹೆಬ್ಬೆರಳ ತುದಿಯಲ್ಲಿ ಅವರೆಕಾಳಿನಷ್ಟು ಬಿಳಿ, ಬೆಂದ ಬಿಳಿ. ಟೆಸ್ಟರ್ ಇಟ್ಟು ನೋಡಿದ್ದನಲ್ಲ, ಹತ್ತಲಿಲ್ಲವಲ್ಲ, ಕರೆಂಟಿಲ್ಲ ಮುಟ್ಟವ್ವ ಅಂದವನು ತಾನೇ — ಅಪ್ಪಾ, ಲೈನ್‌ಲೈನಿಗೂ ನ್ಯೂಟ್ರಲ್ ಬೇರೆ ಬೇರೆ ಎಳೆದಿದ್ದೀಯಾ ತಾನೆ ಎಂದು ಏಣಿ ಮೇಲಿಂದ ಕೇಳಿದ್ದಳು, ಐಟಿಐಯಲ್ಲಿ ಕಲಿತ ಹುಡುಗಿ, ಕೇಳದೆ ಕೈ ಹಾಕುವವಳಲ್ಲ, ಈ ಮನೆ ವೈರಿಂಗು ನನ್ ಕೈಲೇ ಆಗಿದ್ದು ಕಣಮ್ಮ, ಹದ್ನಾಕು ವರ್ಷ ಆಯ್ತು, ಒಂದ್ ದೂರು ಬಂದಿಲ್ಲ, ಬಿಚ್ಚು ಅಂದ, ಪದ್ಮಾವತಿಯವರ ಕಡೆ ತಿರುಗಿ ನಕ್ಕೂಬಿಟ್ಟ, ಆ ನಗುವಿಗೆ ಬೆಂಕಿ ಬೀಳ, ಅವಳು ನ್ಯೂಟ್ರಲಿನ ಗಂಟು ಬಿಚ್ಚಿದಳು, ಗಂಟು ಕೂಡಿರುವವರೆಗೂ ಟೆಸ್ಟರ್ ಹತ್ತಿಸದ ವೈರು, ಫ್ರಿಜ್ಜಿಗೆ ಹೋಗಿ ಅದೇ ವೈರಿನಲ್ಲಿ ವಾಪಸ್ಸು ಬರುತ್ತಿದ್ದ ಕರೆಂಟಿಗೆ ದಾರಿ ಕಡಿಯಿತು, ಸಿಕ್ಕ ದಾರಿ ಅವಳ ಹೆಬ್ಬೆರಳು.

ಈ ಮನೆ ಕಟ್ಟುವಾಗ ದಟ್ಟಗಳ್ಳಿ ಬಡಾವಣೆಯಲ್ಲಿ ಎಲ್ಲಿ ನೋಡಿದರೂ ಮರಳಿನ ರಾಶಿ, ಚಾವಣಿಗೆ ಮೋಲ್ಡ್ ಹಾಕಿಯಾಗಿತ್ತು, ಕಾಂಕ್ರೀಟಿನೊಳಗೆ ಕೂತ ಪೈಪಿನಲ್ಲಿ ಇನ್ನೊಂದು ವೈರು ನುಗ್ಗಲೊಲ್ಲದು, ಎಳೆದೂ ಎಳೆದೂ ಅಂಗೈ ಸುಲಿಯಿತು, ಬುಡು ಜವರಪ್ಪ, ಎರಡಕ್ಕೂ ಒಂದೇ ನ್ಯೂಟ್ರಲ್ ಸಾಕು, ಎಲ್ರೂ ಅಂಗೇ ಮಾಡೋದು, ಅಂದ ಮೇಸ್ತ್ರಿ ಚನ್ನಬಸವಯ್ಯ, ಬಲ್ಬು ಹತ್ತಿತು, ಫ್ಯಾನು ತಿರುಗಿತು, ಮನೆಯವರು ಒಬ್ಬಟ್ಟಿನ ಊಟ ಹಾಕಿದರು, ಮರೆತ, ಮರೆತೇಬಿಟ್ಟ, ಮಗಳಿಗೆ ಆಗ ಏಳು ವರ್ಷ, ಟೆಸ್ಟರ್ ಹಿಡಿದುಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು, ಈ ಶಾಕು ಅವಳಿಗೇ ಹೊಡೆಯಲೆಂದು ಗೋಡೆಯೊಳಗೆ ಇಟ್ಟು ಬಂದಿದ್ದನೇ. ಆಟೋ ಕರೀತೀನಿ ಜವರಪ್ಪನೋರೆ, ಒಂದ್ಸಲ ಆಸ್ಪತ್ರೆಗೆ ತೋರಿಸ್ಬುಡಿ, ಒಳಗೆಲ್ಲಿ ಹೊಡೆದಿದ್ಯೋ ಏನೋ, ಪದ್ಮಾವತಿಯವರು ಅನ್ನುತ್ತಾರೆ, ಹೂಂ ಅನ್ನುತ್ತಾನೆ, ತಪ್ಪು ನಂದು ಅನ್ನಬೇಕು, ಅವಳೆದುರಿಗೆ, ಇವರೆದುರಿಗೆ, ಮಗಳು ಬೈಯಲಿ, ಒಮ್ಮೆ ಬೈದುಬಿಡಲಿ, ಅವಳು ಬೈಯುವುದಿಲ್ಲ, ಬೇರೆಯದನ್ನೇ ಕೇಳುತ್ತಾಳೆ, ಅಪ್ಪಾ, ಈ ಬೀದೀಲಿ ಇನ್ನೆಷ್ಟು ಮನೆಗೆ ಹಿಂಗೇ ಎಳೆದಿದ್ದೀಯಾ. ಎಷ್ಟು, ಎದುರಿನದು, ಮೂಲೆಯ ನೀಲಿ ಗೇಟಿನದು, ಬಸವರಾಜು ಮೇಷ್ಟ್ರದು, ಅವರ ತಮ್ಮನದು, ಹಿಂದಿನ ಕ್ರಾಸಿನಲ್ಲಿ ಮೂರೋ ನಾಲ್ಕೋ, ಅಲ್ಲೆಲ್ಲ ಯಾರೋ ಏಣಿ ಹತ್ತುತ್ತಾರೆ, ಟೆಸ್ಟರ್ ಇಡುತ್ತಾರೆ, ಹತ್ತುವುದಿಲ್ಲ, ಹೇಳ್ತೀನಿ ತಡಿಯವ್ವ, ಎಣಿಸಿ ಹೇಳ್ತೀನಿ, ಬೆರಳ ಗೆರೆಗಳ ಮೇಲೆ ಎಣಿಸಲು ಹೆಬ್ಬೆರಳನ್ನು ಕಿರುಬೆರಳಿಗೆ ತರುತ್ತಾನೆ, ಒಂದು, ಎದುರು ಮನೆ, ಒಂದು, ಹೆಬ್ಬೆರಳು ಮುಂದಕ್ಕೆ ಸರಿಯುವುದಿಲ್ಲ, ಒಂದು, ಅವಳ ಹೆಬ್ಬೆರಳು, ತುದಿಯಲ್ಲಿ ಬಿಳಿ, ಅವರೆಕಾಳಿನಷ್ಟು ಬಿಳಿ